ಗೆಸ್ಟ್‌ಹೌಸ್ ಸಾರು

ಅಂಜಿನವ್ವನ ಬಲಗೈ ಮುರಿದದ್ದು ಬಾಡೂಟವೆಲ್ಲ ಮುಗಿದು, ನೆಂಟರು ಎಲೆಯಡಿಕೆ ಹಾಕಿಕೊಂಡು ಹೊರಟುಹೋದ ಮೇಲೆ. ಅದೊಂದೇ ಸಮಾಧಾನ ಎಂದು ಆಕೆ ಆಮೇಲೆ ಬಂದವರಿಗೆಲ್ಲ ಹೇಳಿದಳು. ಮಗ ರೇವಂತ್ ಹೊಸದಾಗಿ ಗೂಡ್ಸ್ ಗಾಡಿ ತಂದಿದ್ದ. ಅದರ ಪೂಜೆಯ ಮರುದಿನ, ಭಾನುವಾರ, ನಲವತ್ತು ಮಂದಿಗೆ ಊಟ. ಅಷ್ಟಕ್ಕೂ ಆಕೆಯೇ ಮಸಾಲೆ ಅರೆದು, ಆಕೆಯೇ ಮುಂದೆ ನಿಂತು ಬಡಿಸಿದ್ದಳು. ಸಂಜೆ ದೊಡ್ಡ ಹಂಡೆಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ತಿಕ್ಕುತ್ತಿದ್ದಾಗ ಸೋಪಿನ ನೀರಿನ ಮೇಲೆ ಕಾಲು ಜಾರಿತು. ಬೀಳುವಾಗ ಹಂಡೆಯನ್ನು ಬಿಡಲಿಲ್ಲ. ಬಿಟ್ಟಿದ್ದರೆ ಕೈ ಉಳಿಯುತ್ತಿತ್ತೇನೋ.

ಸೋಮವಾರ ಹರಿಹರದಿಂದ ದಾವಣಗೆರೆಗೆ ಹೋಗಿ ಎಕ್ಸ್‌ರೇ ತೆಗೆಸಿ, ಮೊಣಕೈವರೆಗೆ ಪ್ಲಾಸ್ಟರ್ ಹಿಟ್ಟು ಕಟ್ಟಿಸಿಕೊಂಡು ಬಂದರು. ಆರು ವಾರ ಎಂದರು ಡಾಕ್ಟರು. ಆರು ವಾರ ಎಂಬುದು ಮನೆಗೆ ಬಂದು ತನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಾಗಲೇ ಆಕೆಗೆ ಅರ್ಥವಾಗಿದ್ದು. ಸೊಸೆ ಸುಮಾ ಬಾಣಂತನಕ್ಕೆ ಕೊಕ್ಕನೂರಿನ ತವರಿನಲ್ಲಿದ್ದಳು. ಕೂಸಿಗೆ ಇನ್ನೂ ಒಂದೂವರೆ ತಿಂಗಳು. ರೇವಂತ್ ಬೆಳಿಗ್ಗೆ ಏಳಕ್ಕೆ ಗಾಡಿ ತೆಗೆದರೆ ಮಧ್ಯಾಹ್ನ ಊಟಕ್ಕೊಮ್ಮೆ ಬಂದುಹೋಗುವವನು. ಇನ್ನುಳಿದದ್ದು ಗಂಡ ಮಲ್ಲೇಶಪ್ಪ.

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯ ನುಜತ್ ಉಪ್ಪಿಟ್ಟು ತಂದುಕೊಟ್ಟಳು. "ಮಧ್ಯಾಹ್ನಕ್ಕೂ ನಾನೇ ಕಳಿಸ್ತೀನಿ ಅಕ್ಕ, ಚಿಂತಿ ಮಾಡಬ್ಯಾಡ್ರಿ" ಎಂದಳು. ಅಂಜಿನವ್ವ ಆಯಿತೆಂದು ತಲೆಯಾಡಿಸಿದಳು. ಆದರೆ ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಸರಿಸಿಟ್ಟಳು. ಊರಿಗೆಲ್ಲ ಬಡಿಸಿದ ಎರಡೇ ದಿನಕ್ಕೆ ಊರವರ ಡಬ್ಬಿ ಬಿಚ್ಚಬೇಕಾಯಿತಲ್ಲ ಎಂಬ ಸಂಕಟ.

ನುಜತ್ ಹೋದ ಮೇಲೆ ಮಲ್ಲೇಶಪ್ಪ ಅಡುಗೆಮನೆಯ ಹೊಸಿಲಿನಿಂದ ಒಂದು ಮಾರು ದೂರದಲ್ಲೇ ನಿಂತು ಕೇಳಿದ: "ನಾ ಮಾಡ್ಲೇನು?"

"ಏನು?"

"ಅಡಿಗೆ."

ಅಂಜಿನವ್ವ ಗಂಡನ ಮುಖ ನೋಡಿದಳು. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಆತ ಈ ಮಾತು ಕೇಳಿದ್ದು ಇದೇ ಮೊದಲು. ಅದಕ್ಕೆ ಕಾರಣವಿತ್ತು. ಕೇಳಬಾರದೆಂದು ಕಟ್ಟಪ್ಪಣೆ ಮಾಡಿದವಳೇ ಆಕೆ.

ಮಲ್ಲೇಶಪ್ಪ ಅಡುಗೆ ಬಾರದವನಲ್ಲ. ಬದುಕೆಲ್ಲ ಅಡುಗೆಯನ್ನೇ ಮಾಡಿದವನು. ಹೊಳೆ ಕಡೆಯ ಒಂದು ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ, ಮಷಿನ್ ಕೂಡಿಸಲು ಹೊರದೇಶದಿಂದ ಬರುವ ಎಂಜಿನಿಯರುಗಳಿಗೆ ಬೇಯಿಸಿ ಹಾಕುವುದು ಆತನ ಕೆಲಸ. ಎರಡು ವರ್ಷದ ಹಿಂದಷ್ಟೇ ನಿವೃತ್ತಿಯಾಗಿದ್ದ. ಮದುವೆಯಾದ ಹೊಸತರಲ್ಲಿ, ಇಪ್ಪತ್ತಾರರ ಹುಡುಗ, ಒಂದು ಸಂಜೆ ಸೈಕಲ್ಲಿನಿಂದ ಇಳಿದವನೇ ಹೆಂಡತಿಗೆ ಸಂಭ್ರಮದಿಂದ ಹೇಳತೊಡಗಿದ್ದ. ಬೆಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಹ್ಯಾಮ್ ಬಂದಿತ್ತಂತೆ. ಇಷ್ಟು ದೊಡ್ಡದು. ಮೇಲೆ ಬೆಲ್ಲ ಸವರಿ, ಲವಂಗ ಚುಚ್ಚಿ, ಓವನ್ನಿನಲ್ಲಿ ಕೆಂಪಗೆ ಸುಟ್ಟನಂತೆ. ಹ್ಯಾಮ್ ಅಂದರೇನು ಎಂದು ಅಂಜಿನವ್ವ ಕೇಳಿದಳು. ಹಂದಿಯ ಹಿಂದಿನ ತೊಡೆ, ಉಪ್ಪಿನಲ್ಲಿ ಹಾಕಿ ಹೊಗೆ ಹಿಡಿಸಿದ್ದು ಎಂದ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದ್ದಳು.

ಆಕೆಯ ತವರಿನಲ್ಲಿ ಕುರಿ, ಕೋಳಿ ನಡೆಯುತ್ತಿತ್ತು. ಹಂದಿಯ ಹೆಸರನ್ನು ಉಣ್ಣುವ ಹೊತ್ತಿನಲ್ಲಿ ಎತ್ತುವಂತಿರಲಿಲ್ಲ. ಅವತ್ತೇ ಮೂರು ಮಾತು ಹೇಳಿದಳು. ಮನೆಗೆ ಬಂದ ಕೂಡಲೇ ಹಿತ್ತಲಲ್ಲಿ ಸ್ನಾನ. ಆಮೇಲೂ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ. ಮೂರನೆಯದು, "ನೀವು ಅದನ್ನ ಬಾಯಿಗೆ ಹಾಕ್ಕಂಡಿಲ್ಲ ಹೌದಲ್ರಿ?"

"ಇಲ್ಲ" ಎಂದಿದ್ದ ಮಲ್ಲೇಶಪ್ಪ. "ವಾಸನೆ ಮೇಲೇ ಉಪ್ಪು ಹೇಳ್ತೀನಿ ನಾನು."

ಆ ಕಟ್ಟಳೆಯನ್ನು ಆತ ಒಂದು ದಿನವೂ ಮೀರಲಿಲ್ಲ. ಹೆಂಡತಿ ಕಾಯಿಸಿಟ್ಟ ನೀರಿನಲ್ಲಿ ಸ್ನಾನ ಮಾಡಿ, ಪಡಸಾಲೆಯಲ್ಲಿ ಕೂತು, ಆಕೆ ಬಡಿಸಿದ್ದನ್ನು ಉಂಡು, ಚೆನ್ನಾಗಿದೆ ಎನ್ನುತ್ತಿದ್ದ. ತನಗೆ ಜ್ವರ ಬಂದು ಮಲಗಿದಾಗಲೂ ಆಕೆಯೇ ಎದ್ದು ಗಂಜಿ ಕಾಯಿಸಿಕೊಂಡಳೇ ಹೊರತು ಆತನಿಂದ ಒಂದು ಲೋಟ ಚಹಾ ಮಾಡಿಸಿಕೊಂಡವಳಲ್ಲ. ಕೆಲಸ ಬಿಟ್ಟು ಎರಡು ವರ್ಷವಾದರೂ ಆ ಗೆರೆ ಹಾಗೇ ಉಳಿದಿತ್ತು. ಅಳಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಈಗ ಆಕೆ ಹಿಟ್ಟು ಕಟ್ಟಿದ ಕೈಯನ್ನು ಎದೆಗೊರಗಿಸಿಕೊಂಡು, ಎಡಗೈಯಿಂದ ಸ್ಟೂಲನ್ನು ಎಳೆದು ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾಕಿ ಕೂತಳು. ಆಮೇಲೆ ಸ್ಟೂಲನ್ನು ಒಂದು ಗೇಣು ಸರಿಸಿದಳು.

"ಬರ್ರಿ. ನಾ ಹೇಳಿದಂಗೆ ಮಾಡ್ಬೇಕು."

ಮಲ್ಲೇಶಪ್ಪ ಕೈ ತೊಳೆದು ಒಳಗೆ ಬಂದ. ಒಳಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಫ್ರಿಜ್ ತೆರೆದು ಏನೇನು ಉಳಿದಿದೆ ಎಂದು ನೋಡಿದ್ದು. ಮೇಲಿನ ಖಾನೆಯಲ್ಲಿ ಸ್ಟೀಲ್ ಡಬ್ಬಿಯಲ್ಲಿ ಎರಡು ಮೂಳೆಗಳಿದ್ದವು. ಭಾನುವಾರಕ್ಕೆಂದು ಲಾಲ್ ಸಾಬ್‌ನ ಅಂಗಡಿಯಿಂದ ತಂದ ಕುರಿಯ ಹಿಂಗಾಲುಗಳು. ಅರಿಶಿನ, ಉಪ್ಪು ಹಾಕಿ ಬೇಯಿಸಿ, ಪಲ್ಯಕ್ಕೆ ಮಾಂಸ ಬಿಡಿಸಿಕೊಂಡಿದ್ದಳು. ಆದರೂ ಗಂಟಿನ ಹತ್ತಿರ ಒಳ್ಳೆ ಮಾಂಸವೇ ಅಂಟಿಕೊಂಡಿತ್ತು. ಮರುದಿನ ಹುಳಿಸಾರು ಮಾಡಬೇಕೆಂದು ಎತ್ತಿಟ್ಟದ್ದು.

ಮಲ್ಲೇಶಪ್ಪ ಆ ಮೂಳೆಗಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ಹಳೆಯ ಪರಿಚಯದವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡವನ ಹಾಗಿತ್ತು ಆತನ ಮುಖ.

"ಒಣ ಅವರೆ ಐತಾ?"

"ಮೇಲಿನ ಡಬ್ಬ್ಯಾಗೈತೆ. ಆದ್ರೆ ನೆನಸಿಲ್ಲ. ಅದೆಲ್ಲಿ ಬೇಯ್ತೈತೆ ಈಗ?"

"ಬೇಯ್ತೈತೆ ಬಿಡು."

ಕಾಳನ್ನು ತೊಳೆದು, ನೀರು ಹಾಕಿ, ಐದು ನಿಮಿಷ ಕೊತಕೊತ ಕುದಿಸಿ, ಒಲೆ ಆರಿಸಿ, ತಟ್ಟೆ ಮುಚ್ಚಿಟ್ಟ. ಒಂದು ತಾಸು ಹಾಗೇ ಬಿಟ್ಟರೆ ರಾತ್ರಿಯಿಡೀ ನೆನೆದಂತೆಯೇ ಎಂದ. ಇಷ್ಟು ವರ್ಷ ಈ ಉಪಾಯ ತನಗೇಕೆ ಗೊತ್ತಾಗಲಿಲ್ಲ ಎಂದು ಅಂಜಿನವ್ವನಿಗೆ ಸಿಟ್ಟು ಬಂತು. ಎಷ್ಟು ಸಲ ನೆನೆಹಾಕುವುದು ಮರೆತು ಬೆಳಿಗ್ಗೆ ತನ್ನನ್ನೇ ಬೈದುಕೊಂಡಿದ್ದಳೋ.

ಮೂಳೆಗಂಟಿದ ಮಾಂಸವನ್ನೆಲ್ಲ ಚಾಕುವಿನ ತುದಿಯಿಂದ ಕೆರೆದು ತೆಗೆದು ಬೇರೆ ಬಟ್ಟಲಿಗೆ ಹಾಕಿದ. ಬೋಳು ಮೂಳೆಯನ್ನು ಇಕ್ಕಳದಲ್ಲಿ ಹಿಡಿದು ಸೀದಾ ಗ್ಯಾಸಿನ ಉರಿಯ ಮೇಲೆ ಹಿಡಿದ.

"ಸುಡ್ತಿದೀರಲ್ಲ," ಅಂದಳು ಅಂಜಿನವ್ವ.

"ಸುಡಲೇಬೇಕು. ಹೊಗಿ ವಾಸನೆ ಬರ್ದಿದ್ರೆ ಇದು ಆ ಸಾರಾಗಂಗಿಲ್ಲ."

"ಯಾವ ಸಾರು?"

ಆತ ಮೂಳೆಯನ್ನು ತಣ್ಣೀರಿನ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿಟ್ಟು, ಈರುಳ್ಳಿ ಹೆಚ್ಚಲು ನಿಂತ. ಅಂಜಿನವ್ವ ಸ್ಟೂಲಿನಿಂದ ಮುಂದಕ್ಕೆ ಬಾಗಿ ನೋಡಿದಳು. ಚಾಕು ಹಲಗೆಯನ್ನು ಬಿಟ್ಟು ಏಳುತ್ತಲೇ ಇರಲಿಲ್ಲ. ಈರುಳ್ಳಿ ಅದರ ಕೆಳಗೆ ತಾನಾಗಿ ಸಣ್ಣಗಾಗುತ್ತಾ ಹೋಗುತ್ತಿತ್ತು. ಗಜ್ಜರಿ, ಬೆಳ್ಳುಳ್ಳಿ, ಕೊತ್ತಂಬರಿಯ ದಂಟು, ಎಲ್ಲಕ್ಕೂ ಒಂದೊಂದು ಅಳತೆ. ಹೆಚ್ಚಿದ ಕೂಡಲೇ ಹಲಗೆ ಒರೆಸುವುದು, ಒರೆಸಿದ ಬಟ್ಟೆಯನ್ನು ಭುಜದ ಮೇಲೆ ಹಾಕಿಕೊಳ್ಳುವುದು. ಪಾತ್ರೆಯ ಮೇಲೆ ನೊರೆ ಎದ್ದಾಗ ತಿರುಗಿ ನೋಡದೆಯೇ ಗೊತ್ತಾದವನ ಹಾಗೆ ಸೌಟು ತೆಗೆದುಕೊಂಡು ನೊರೆಯನ್ನಷ್ಟೇ ಎತ್ತಿ ಚೆಲ್ಲಿದ. ಮನೆಯಲ್ಲಿ ಕನ್ನಡಕ ಎಲ್ಲಿಟ್ಟೆ, ಟವೆಲ್ ಎಲ್ಲಿಟ್ಟೆ ಎಂದು ಹುಡುಕಾಡುವ ಮನುಷ್ಯ ಇವನಲ್ಲ. ಈ ಮನುಷ್ಯನನ್ನು ಆಕೆ ಇದುವರೆಗೂ ನೋಡಿರಲಿಲ್ಲ. ಬೆಳಿಗ್ಗೆ ಸೈಕಲ್ ಹತ್ತಿ ಹೋದವನು ದಿನವಿಡೀ ಹೀಗಿರುತ್ತಿದ್ದನೇ?

"ಖಾರದಪುಡಿ ಆ ಹಸಿರು ಡಬ್ಬ್ಯಾಗೈತೆ," ಎಂದಳು.

"ಬ್ಯಾಡ. ಮೆಣಸು ಸಾಕು."

"ಹುಣಸೆಹಣ್ಣು?"

"ಇದಕ್ಕೆ ಹುಳಿ ಇಲ್ಲ."

"ಖಾರ ಇಲ್ಲ, ಹುಳಿ ಇಲ್ಲ, ಮಸಾಲಿ ಅರಿಯಂಗಿಲ್ಲ. ಇದೇನು ಹಾಸ್ಪಿಟಲ್ಲಿಗೆ ಕಳ್ಸೋದಾ?"

ಮಲ್ಲೇಶಪ್ಪ ನಕ್ಕ. ಕಾಳನ್ನು ಮೂಳೆಯ ನೀರಿಗೆ ಸುರಿದು, ಸೌಟಾಡಿಸುತ್ತಾ, ಆ ಸಾರಿನ ಕಥೆ ಹೇಳಿದ.

ಒಂದು ವರ್ಷ ಕ್ರಿಸ್‌ಮಸ್ಸಿನ ಮಾರನೆಯ ದಿನ. ಹಬ್ಬಕ್ಕೆ ಸುಟ್ಟ ಹ್ಯಾಮಿನಲ್ಲಿ ಉಳಿದದ್ದು ಮೂಳೆ, ಅದರ ಸುತ್ತ ಮೂರು ಬೆರಳಿನಷ್ಟು ಮಾಂಸ. ಅವತ್ತು ಯಾವುದೋ ಬಂದ್. ಸಂತೆ ಇಲ್ಲ, ಅಂಗಡಿ ಇಲ್ಲ. ಇದ್ದ ಮೂವರು ಅತಿಥಿಗಳ ಜೊತೆಗೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡ ಎಂಟು ಮಂದಿ ಬಂದಿಳಿದರು. ಅಡುಗೆಮನೆಯಲ್ಲಿದ್ದದ್ದು ಆ ಮೂಳೆ, ಮೂರು ಸೇರು ಒಣ ಅವರೆ, ಈರುಳ್ಳಿ. ಅತಿಥಿಗಳಲ್ಲಿ ಒಬ್ಬ ಮುದುಕ ಎಂಜಿನಿಯರು ತಾನೇ ತೋಳು ಮಡಚಿಕೊಂಡು ಬಂದು, ಅವರ ಅಜ್ಜಿ ಹೇಗೆ ಮಾಡುತ್ತಿದ್ದಳೆಂದು ಕೈಸನ್ನೆಯಲ್ಲಿ ತೋರಿಸಿದ. ಒಂದು ಬಟ್ಟಲು ಬೆಂದ ಕಾಳನ್ನು ಕಿವುಚಿ ಮತ್ತೆ ಹಾಕಿದರೆ ಸಾರು ಗಟ್ಟಿಯಾಗುತ್ತದೆಂದು ಹೇಳಿಕೊಟ್ಟವನು ಆತನೇ. ಹನ್ನೊಂದು ಮಂದಿ ಉಂಡರು. ಮುದುಕ ಊಟದ ಮಧ್ಯದಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆಮೇಲಿಂದ ಹ್ಯಾಮ್ ಸುಟ್ಟ ಮಾರನೆಯ ದಿನ ಗೆಸ್ಟ್‌ಹೌಸಿನಲ್ಲಿ ಈ ಸಾರು ಆಗಲೇಬೇಕು. ಕೆಲವರು ಹ್ಯಾಮಿಗಿಂತ ಇದಕ್ಕೇ ಕಾಯುತ್ತಿದ್ದರಂತೆ.

ಹೇಳುತ್ತಾ ಹೇಳುತ್ತಾ ಮಲ್ಲೇಶಪ್ಪ ಸೌಟಿನ ತುದಿಯಿಂದ ನಾಲ್ಕು ಹನಿ ಸಾರನ್ನು ಎಡಅಂಗೈಗೆ ಬಿಟ್ಟುಕೊಂಡು, ಊದಿ, ನೆಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿದ.

ಅಂಜಿನವ್ವ ನೋಡುತ್ತಿದ್ದಳು. "ಅಲ್ಲೂ ಹಿಂಗೇ ನೋಡ್ತಿದ್ರೇನು?"

ಸೌಟು ನಿಂತಿತು. ಆತ ಬೆನ್ನು ತಿರುಗಿಸಿಕೊಂಡೇ ಇದ್ದ.

"ಕೇಳ್ತಿರೋದು ನಿಮ್ಮನ್ನೇ."

"ನೋಡ್ತಿದ್ದೆ," ಎಂದ. ಒಲೆ ಸಣ್ಣದು ಮಾಡಿ, "ಬಾಯಿಗೆ ಹಾಕ್ಕಳ್ದೆ ಅಡಿಗೆ ಮಾಡಾಕೆ ಬರಂಗಿಲ್ಲ ಅಂಜಿನಿ. ಯಾರಿಗೂ ಬರಂಗಿಲ್ಲ."

ಅಂಜಿನವ್ವ ಎದ್ದು ಹೋಗಿ ಮುಂಬಾಗಿಲ ಕಟ್ಟೆಯ ಮೇಲೆ ಕೂತಳು.

ರಸ್ತೆಯಲ್ಲಿ ತರಕಾರಿ ಗಾಡಿ ಹೋಯಿತು. ಯಾರೋ ಕೈ ಹೇಗಿದೆ ಎಂದು ಕೇಳಿದರು, ಏನೋ ಹೇಳಿದಳು. ಹಿಂದಿನ ಹಾಗೆ ಆಕೆಗೆ ಹೇಸಿಗೆಯಾಗಲಿಲ್ಲ. ಉರಿದದ್ದು ಬೇರೆ. ಮೂವತ್ತನಾಲ್ಕು ವರ್ಷದ ಸುಳ್ಳು. ತಂಗಿಯ ಹತ್ತಿರ, ತಾಯಿಯ ಹತ್ತಿರ, ಓಣಿಯವರ ಹತ್ತಿರ ಎಷ್ಟು ಸಲ ಹೇಳಿದ್ದಳು: ನಮ್ಮನೆಯವ್ರು ಮಾಡಿ ಹಾಕ್ತಾರಷ್ಟೇ, ನಾಲಿಗೆಗೆ ಮುಟ್ಟಿಸಂಗಿಲ್ಲ ಎಂದು. ಈಗ ಯಾರ ಮುಂದೆ ತಲೆ ಎತ್ತುವುದು? ಆದರೆ ಆ ಮಾತು ಅಲ್ಲೇ ನಿಲ್ಲಲಿಲ್ಲ. ಅವತ್ತು ಸೈಕಲ್ಲನ್ನು ಗೋಡೆಗೊರಗಿಸಿ, ಬೆಲ್ಲ, ಲವಂಗ ಎಂದು ಕೈ ಅಗಲಿಸಿ ಹೇಳುತ್ತಿದ್ದವನ ಮುಖ ನೆನಪಾಯಿತು. ಆಮೇಲೆ ಆತ ಒಂದು ದಿನವೂ ಗೆಸ್ಟ್‌ಹೌಸಿನ ಸುದ್ದಿ ಹೇಳಿರಲಿಲ್ಲ. ಹನ್ನೊಂದು ಮಂದಿ ಉಂಡದ್ದನ್ನೂ, ಮುದುಕ ಅತ್ತದ್ದನ್ನೂ ಅವತ್ತು ಮನೆಗೆ ಬಂದು ಯಾರಿಗೆ ಹೇಳಿದನೋ. ಸ್ನಾನ ಮಾಡಿ, ಪಡಸಾಲೆಯಲ್ಲಿ ಕೂತು, ಆಕೆ ಮಾಡಿದ ಸಾರನ್ನು ಚೆನ್ನಾಗಿದೆ ಎಂದಿರಬೇಕು.

ರೇವಂತ್‌ನ ಗಾಡಿ ಬಂದು ನಿಂತಿತು. "ಯಾಕವ್ವ, ಇಲ್ಲಿ ಕೂತೀಯ?" ಎಂದು ಒಳಗೆ ಹೋದವನು ಅಡುಗೆಮನೆಯಲ್ಲಿ ಅಪ್ಪನನ್ನು ಕಂಡು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಮಲ್ಲೇಶಪ್ಪ ಬಟ್ಟಲಿಗೆ ಸಾರು ಬಡಿಸಿದ. ಕಾಳು ಅರ್ಧ ಕರಗಿ, ಬಿಡಿಸಿದ ಮಾಂಸ ನೂಲುನೂಲಾಗಿ ಸೇರಿ, ಗಂಜಿಗಿಂತ ಗಟ್ಟಿ, ಪಲ್ಯಕ್ಕಿಂತ ತೆಳುವು. ನುಜತ್ ಕಳಿಸಿದ್ದ ರೊಟ್ಟಿಯನ್ನು ಅದರಲ್ಲಿ ಮುರಿದು ಹಾಕಿಕೊಂಡು ರೇವಂತ್ ಮೂರು ಬಟ್ಟಲು ಉಂಡ. ಹೊರಡುವಾಗ ಕಟ್ಟೆಯ ಹತ್ತಿರ ನಿಂತು, "ಅವ್ವ, ನೀನು ಉಣ್ಣು ಹೋಗು. ಮತ್ತೆ ಉಳಿಯಂಗಿಲ್ಲ" ಎಂದು ಹೇಳಿ ಹೋದ.

ಹಸಿವೆ ಇತ್ತು. ಅಂಜಿನವ್ವ ಒಳಗೆ ಬಂದು ಕೂತಳು. ಮಲ್ಲೇಶಪ್ಪ ಬಟ್ಟಲನ್ನೂ ಚಮಚವನ್ನೂ ಮುಂದಿಟ್ಟ. ಎಡಗೈಯಲ್ಲಿ ಚಮಚ ಹಿಡಿದಳು. ಮೊದಲನೆಯದು ಸೀರೆಯ ಮೇಲೆ ಚೆಲ್ಲಿತು, ಎರಡನೆಯದು ಗದ್ದದ ಮೇಲೆ. ಮಲ್ಲೇಶಪ್ಪ ಎದುರಿಗೆ ಕೂತು ಚಮಚ ತೆಗೆದುಕೊಂಡ.

"ಬಾಗ್ಲು ತೆಗೆದೈತೆ," ಎಂದಳು ಆಕೆ.

ಆತ ಎದ್ದು ಬಾಗಿಲನ್ನು ಮುಂದೆ ಮಾಡಿ ಬಂದ. ಅಂಜಿನವ್ವ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಬಾಯಿ ತೆರೆದಳು.

ಬಾಯಿಗೆ ಬಂದದ್ದು ಮೊದಲು ಹೊಗೆಯ ಸಣ್ಣ ವಾಸನೆ, ಆಮೇಲೆ ಕಾಳಿನ ಸಿಹಿ, ಆಮೇಲೆ ಮೂಳೆಯ ರಸ ನಿಧಾನವಾಗಿ. ಮಸಾಲೆಯ ಅಬ್ಬರವಿಲ್ಲದೆ ಅವರೆಕಾಳಿಗೆ ಇಷ್ಟು ರುಚಿಯಿದೆಯೆಂದು ಆಕೆಗೆ ತಿಳಿದಿರಲಿಲ್ಲ. ಇನ್ನೊಂದು ಚಮಚ. ಇನ್ನೊಂದು. ಅರ್ಧ ಬಟ್ಟಲಾದ ಮೇಲೆ ತಡೆದಳು.

"ಚೆನ್ನಾಗೈತೆ. ಆದ್ರೆ ನಮ್ಮ ಬಾಯಿಗೆ ಇದು ಸಾಲಂಗಿಲ್ಲ. ಬೆಳ್ಳುಳ್ಳಿ ಜಜ್ಜಿ, ಬ್ಯಾಡಗಿ ಮೆಣಸಿನಕಾಯಿ ಎರಡು ಮುರಿದು, ಜೀರಿಗೆ ಹಾಕಿ ಒಗ್ಗರಣೆ ಕೊಡ್ರಿ. ಕರಿಬೇವು ಆಮೇಲೆ."

ಆತ ಕೂಡಲೇ ಎದ್ದ. ಒಗ್ಗರಣೆ ಚುರ್ ಎಂದಾಗ ಮನೆಯೆಲ್ಲ ಘಮ್ಮೆಂದಿತು. ಮಲ್ಲೇಶಪ್ಪ ರುಚಿ ನೋಡಿದ. "ಮುದುಕ ಇದ್ದಿದ್ರೆ ಒಪ್ಪತಿದ್ದಿಲ್ಲ," ಎಂದ. "ಆದ್ರೆ ಬಟ್ಟಲು ಖಾಲಿ ಮಾಡತಿದ್ದ."

ಮತ್ತೆ ಉಣ್ಣಿಸುವಾಗ ಅಂಜಿನವ್ವ ಕ್ಯಾಲೆಂಡರಿನ ಕಡೆ ನೋಡಲಿಲ್ಲ.

"ಯಾಕ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ಒಳಗೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಇಪ್ಪತ್ತರ ಅಂಜಿನವ್ವ ಖಂಡಿತ ತವರಿಗೆ ಹೋಗಿಬಿಡುತ್ತಿದ್ದಳು. ಕೊನೆಯ ಚಮಚ ನುಂಗಿ, ಎಡಗೈಯಿಂದ ಸೆರಗೆಳೆದು ಬಾಯೊರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು: "ಹೆಂಗಿತ್ತು ಅದು?"

"ಯಾವ್ದು?"

"ಅದೇ."

ಮಲ್ಲೇಶಪ್ಪ ಹೆಂಡತಿಯ ಮುಖವನ್ನು ಎಚ್ಚರಿಕೆಯಿಂದ ನೋಡಿದ. ಸಿಟ್ಟು ಉಳಿದಿತ್ತು, ಆದರೆ ಅದರ ಪಕ್ಕದಲ್ಲೇ ಕುತೂಹಲವೂ ಇತ್ತು. "ಉಪ್ಪುಪ್ಪು. ಒಂಚೂರು ಸಿಹಿ. ಹಸಿ ಕಟ್ಟಿಗೆ ಹೊಗಿಯಂಗೆ ವಾಸನೆ," ಎಂದ. "ಕೆಟ್ಟದ್ದೇನಿರ್ಲಿಲ್ಲ."

"ಸಾಕು, ಅಷ್ಟೇ ಸಾಕು," ಎಂದಳು ಅಂಜಿನವ್ವ. ಎಂದವಳಿಗೆ ನಗು ಬಂತು. ನಕ್ಕರೆ ಮುರಿದ ಕೈ ನೋಯುತ್ತಿತ್ತು, ಆದರೂ ತಡೆಯಲಾಗಲಿಲ್ಲ. ಮಲ್ಲೇಶಪ್ಪನೂ ಖಾಲಿ ಬಟ್ಟಲು ಹಿಡಿದುಕೊಂಡು ನಕ್ಕ.

ಆ ಆರು ವಾರ ಆತನೇ ಅಡುಗೆ ಮಾಡಿದ. ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ರೊಟ್ಟಿ ಬಡಿಯಲು ಬರಲಿಲ್ಲ. ಅವು ಒಂದೊಂದೂ ಒಂದೊಂದು ತಾಲೂಕಿನ ನಕಾಶೆಯಂತಾದವು. ಆಕೆಯ ಡಬ್ಬಿಗಳ ಜಾಗ ಬದಲಿಸಿದ್ದಕ್ಕೆ ಒಂದು ದಿನ ದೊಡ್ಡ ಜಗಳವೇ ಆಯಿತು. ಮಾತು ಬಿಟ್ಟು ಸಂಜೆಯವರೆಗೆ ಕೂತರು. ಹಿಟ್ಟು ತೆಗೆದು, ಕೈ ಸಣ್ಣಗೆ, ಬೆಳ್ಳಗೆ ಹೊರಬಂದ ದಿನ ಅಂಜಿನವ್ವ ನೇರ ಹೋಗಿ ಡಬ್ಬಿಗಳನ್ನೆಲ್ಲ ಹಳೆಯ ಜಾಗಕ್ಕೆ ಇಟ್ಟಳು. ಚಾಕು ಮತ್ತು ಹಲಗೆಯನ್ನು ಮಾತ್ರ ಆತ ಇಟ್ಟಲ್ಲೇ ಬಿಟ್ಟಳು.

ಮುಂದಿನ ಭಾನುವಾರ ಕೂಸನ್ನು ನೋಡಲು ರೇವಂತ್‌ನ ಗಾಡಿಯಲ್ಲಿ ಕೊಕ್ಕನೂರಿಗೆ ಹೊರಟರು. ಹೊರಡುವ ಹಿಂದಿನ ದಿನ ಅಂಜಿನವ್ವ ಲಾಲ್ ಸಾಬ್‌ನಲ್ಲಿಗೆ ತಾನೇ ಹೋಗಿ ಹಿಂಗಾಲು ತಂದು, ಬೇಯಿಸಿ, ಸಂಜೆಯ ಊಟಕ್ಕೆ ಪಲ್ಯ ಮಾಡಿ, ಮೂಳೆಯಲ್ಲಿ ಬೇಕೆಂದೇ ಹೆಚ್ಚು ಮಾಂಸ ಉಳಿಸಿ ಡಬ್ಬಿಗೆ ಹಾಕಿಟ್ಟಳು. ಎದೆಹಾಲಿಗೆ ಒಳ್ಳೆಯದು, ಸುಮಾಗೆ ಆ ಸಾರು ಮಾಡಿಕೊಡಿ ಎಂದಳು. ಬೀಗರ ಮನೆಯಲ್ಲಿ ತಾನು ಸೌಟು ಹಿಡಿಯುವುದೇ ಎಂದು ಮಲ್ಲೇಶಪ್ಪ ಹಿಂಜರಿದ. ಆಕೆ ಕೇಳಲಿಲ್ಲ.

ಕೊಕ್ಕನೂರಿನಲ್ಲಿ ಆತ ಪಂಚೆ ಮಡಚಿ ಒಲೆಯ ಮುಂದೆ ನಿಂತಾಗ ಸುಮಾಳ ತಂದೆ ಬಕ್ಕೇಶಪ್ಪ ಪಡಸಾಲೆಯಿಂದ ಇಣುಕಿ, "ಇದೇನ್ರಿ ಬೀಗರೆ, ಹೆಣ್ಮಕ್ಕಳ ಕೆಲ್ಸ ನಿಮಗ್ಯಾಕೆ? ಬಂದು ಕೂಡ್ರಿ" ಎಂದು ನಕ್ಕ. ಮಲ್ಲೇಶಪ್ಪ ಸೌಟು ಕೆಳಗಿಡಲು ಹೋದ. ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಂಜಿನವ್ವ ಅಲ್ಲಿಂದಲೇ ಹೇಳಿದಳು:

"ಅವ್ರದ್ದು ಅದೇ ಕೆಲ್ಸ ರೀ ಅಣ್ಣ. ಮೂವತ್ತು ವರ್ಷದ ಮೇಲೆ ಮಾಡ್ಯಾರೆ. ಹೊರದೇಶದ ಎಂಜಿನಿಯರುಗಳು ಇವ್ರ ಸಾರಿಗೆ ಕಾಯ್ಕಂಡು ಕೂರ್ತಿದ್ರು. ಒಬ್ಬ ಮುದುಕ ಉಣ್ತಾ ಉಣ್ತಾ ಅತ್ತಾನೆ."

ಮನೆಯವರೆಲ್ಲ ಒಲೆಯ ಕಡೆ ನೋಡಿದರು. ಮಲ್ಲೇಶಪ್ಪನ ಕಿವಿ ಕೆಂಪಾದವು. ಬಕ್ಕೇಶಪ್ಪ ಎದ್ದು ಬಂದು, ಯಾವ ದೇಶದವರು, ಏನು ಉಣ್ಣುತ್ತಿದ್ದರು ಎಂದು ವಿಚಾರಿಸತೊಡಗಿದ. ಸುಮಾ ಎರಡು ಬಟ್ಟಲು ಕುಡಿದು, ಮೂರನೆಯದನ್ನು ತಾಯಿಗೆ ಕೊಟ್ಟಳು. ತಾಯಿ ಅದನ್ನು ಕುಡಿದು, ಕಾಳು ನೆನೆಸದೆ ಹೇಗೆ ಬೆಂದಿತು ಎಂದು ಕೇಳಿದಳು. ಅದನ್ನು ವಿವರಿಸಿದವಳು ಅಂಜಿನವ್ವ, ತಾನೇ ಕಂಡುಹಿಡಿದವಳ ಹಾಗೆ.

ಸಂಜೆ ಗಾಡಿಯ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತು ವಾಪಸಾದರು. ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯಲ್ಲಿ ನೀರು. ರೇವಂತ್ ಗಾಡಿ ಓಡಿಸುತ್ತಿದ್ದ. ಅಂಜಿನವ್ವ ಗಂಡನ ಕಡೆ ತಿರುಗಿದಳು.

"ಅವ್ರು ಊಟ ಆದ್ಮೇಲೆ ಏನು ತಿಂತಿದ್ರು? ಸಿಹಿ ಮಾಡ್ತಿದ್ರೋ ಇಲ್ಲೋ?"

"ಮಾಡ್ತಿದ್ದೆ. ಪುಡಿಂಗ್ ಅಂತ."

"ಅಂದ್ರೆ?"

ಮಲ್ಲೇಶಪ್ಪ ಸೀಟಿನಲ್ಲಿ ಸರಿಯಾಗಿ ಕೂತುಕೊಂಡ. ಮೊದಲು ಸಕ್ಕರೆಯನ್ನು ಒಣ ಪಾತ್ರೆಯಲ್ಲಿ ಕಂದುಬಣ್ಣಕ್ಕೆ ಕರಗಿಸಬೇಕು, ಆಮೇಲೆ ಹಾಲು, ಮೊಟ್ಟೆ ಎಂದು ಎರಡೂ ಕೈ ಅಗಲಿಸಿ ಹೇಳತೊಡಗಿದ. ಗೇರ್ ಹಾಕಲು ಹೋದ ರೇವಂತ್‌ಗೆ ಅಪ್ಪನ ಮೊಣಕೈ ಅಡ್ಡ ಬಂತು.

"ಮೊಟ್ಟಿ ಎಷ್ಟು?" ಎಂದು ಅಂಜಿನವ್ವ ಕೇಳಿದಳು.